ತೊಗರಿಯ ಕಾಡು ದಾಯಾದಿಗಳು



ಭೀಮಾ ತೀರದ ಅಗರಖೇಡದಿಂದ ಹಿಡಿದು ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದವರೆಗೆ ಹರಡಿರುವ ಈ ಎರಿ ಭೂಮಿಯಲ್ಲಿ ತೊಗರಿ ಬಿತ್ತದ ಊರನ್ನು ಹುಡುಕುವುದು ಕಷ್ಟ. ಮುಂಗಾರಿನಲ್ಲಿ ಬಿತ್ತಿದ್ದು ಪುಷ್ಯ ಮಾಸದ ಹೊತ್ತಿಗೆ ರಾಶಿಯಾಗಿ ಬರುತ್ತದೆ. ಅದರ ಬೆಲೆ, ಅದರ ರೋಗ, ಅದರ ಖರೀದಿ ಕೇಂದ್ರ ಇವು ನಮ್ಮ ಮನೆಮನೆಯ ಮಾತು. ನಾನು ಇಂದು ಮಾತಾಡಬೇಕೆಂದಿರುವುದು ಹೊಲದೊಳಗಿನ ತೊಗರಿಯ ಬಗ್ಗೆ ಅಲ್ಲ, ಹೊಲದ ಆಚೆ ಇರುವ ಅದರ ಕಾಡು ಬಂಧುಗಳ ಬಗ್ಗೆ. ಬದುವಿನ ಮೇಲೆ, ಮಡ್ಡಿಯ ಹುಲ್ಲಿನಲ್ಲಿ, ಹಳ್ಳದ ದಂಡೆಯ ಕಂಟಿಗಳ ನಡುವೆ, ಸಹ್ಯಾದ್ರಿಯ ಇಳಿಜಾರಿನಲ್ಲಿ ತಾವಾಗಿಯೇ ಹುಟ್ಟಿ ತಾವಾಗಿಯೇ ಬೀಳುವ ಗಿಡಬಳ್ಳಿಗಳು ಅವು.

ಅವುಗಳನ್ನು ಮುಂದಿಟ್ಟುಕೊಂಡು ನಾನು ಕೇಳುವ ಪ್ರಶ್ನೆ ಸರಳವಾದದ್ದು. ಒಂದೇ ಮೂಲದಿಂದ ಬಂದ, ತೀರ ಹತ್ತಿರದ ಎರಡು ಕಾಡು ಪ್ರಭೇದಗಳು ಎಷ್ಟರ ಮಟ್ಟಿಗೆ ಬೇರೆ? ಮೈಯಲ್ಲಿ ಕಾಣುವ ವ್ಯತ್ಯಾಸಕ್ಕೂ ಒಳಗಿನ ವಂಶವಾಹಿಗಳ ವ್ಯತ್ಯಾಸಕ್ಕೂ ತಾಳೆ ಇದೆಯೇ? ನೋಡಲು ಹತ್ತಿರವಿದ್ದದ್ದು ರಕ್ತದಲ್ಲಿಯೂ ಹತ್ತಿರವೇ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಈ ಭಾವನೆ ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ಉಳಿದ ಅರ್ಧವನ್ನು ತಿಳಿಯದೆ ಹೋದರೆ ನಮ್ಮ ಬೆಳೆಗೇ ನಷ್ಟ.

ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಬಹಳ ಕೂಲಂಕಷವಾಗಿ ಕೇಳಿದ್ದು ಐರಿಸ್ ಎಂಬ ಹೂಗಿಡಗಳ ಕುಲದ ಮೇಲೆ. ಆ ಕುಲ ನಮ್ಮ ಬಯಲುಸೀಮೆಯದಲ್ಲ. ಭಾರತದಲ್ಲಿ ಅದರ ಕಾಡು ನೆಲೆ ಹಿಮಾಲಯ. ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್ 1920ರ ದಶಕದಿಂದ ಹಲವು ವರ್ಷ ಉತ್ತರ ಅಮೆರಿಕದ ಕಾಡು ಐರಿಸ್‌ಗಳ ಹೂವುಗಳನ್ನು ಒಂದೊಂದಾಗಿ ಅಳೆದರು. ಒಂದು ಒಣ ಮಾದರಿಯನ್ನು ನೋಡಿ ಪ್ರಭೇದವನ್ನು ವರ್ಣಿಸುವ ರೂಢಿಯನ್ನು ಬಿಟ್ಟು, ಒಂದೇ ಹುಲ್ಲುಗಾವಲಿನಲ್ಲಿ ಒಂದೇ ದಿನ ಸಿಕ್ಕಷ್ಟೂ ಹೂವುಗಳನ್ನು ಅಳೆಯುವುದು ಅವರ ಪದ್ಧತಿ. ಆ ಅಳತೆಗಳನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಪ್ರಬಂಧಕ್ಕೆ ಬಳಸಿಕೊಂಡರು. ಮೂರು ಪ್ರಭೇದ, ತಲಾ 50 ಹೂವು, ಪ್ರತಿ ಹೂವಿಗೆ ನಾಲ್ಕು ಅಳತೆ: ಪುಷ್ಪಪತ್ರದ ಉದ್ದ ಮತ್ತು ಅಗಲ, ದಳದ ಉದ್ದ ಮತ್ತು ಅಗಲ. ಇಂದು ಕಂಪ್ಯೂಟರ್ ಓದುವ ನಮ್ಮ ಮಕ್ಕಳು ಮೊದಲ ಪಾಠವಾಗಿ ಕಲಿಯುವ ಐರಿಸ್ ಪಟ್ಟಿ ಇದೇ.

ಆ ಪಟ್ಟಿ ಹೇಳುವುದು ಇಷ್ಟು. ಐರಿಸ್ ಸೆಟೋಸಾ ತನ್ನ ಪುಟ್ಟ ದಳದಿಂದಲೇ ಉಳಿದೆರಡರಿಂದ ಬೇರೆಯಾಗಿ ನಿಲ್ಲುತ್ತದೆ. ವರ್ಸಿಕಲರ್ ಮತ್ತು ವರ್ಜಿನಿಕಾ ಎಂಬ ಇನ್ನೆರಡನ್ನು ಯಾವ ಒಂದೇ ಅಳತೆಯಿಂದಲೂ ಪೂರ್ತಿ ಬೇರ್ಪಡಿಸಲಾಗದು. ನಾಲ್ಕನ್ನೂ ಕೂಡಿಸಿ ನೋಡಿದಾಗ ಬಹುಪಾಲು ಬೇರೆಯಾಗುತ್ತವೆ, ಆಗಲೂ ಕೆಲವು ಹೂವು ಗಡಿಯ ಮೇಲೆಯೇ ಉಳಿಯುತ್ತವೆ. ಕಾರಣ ಒಳಗಿದೆ. ಸೆಟೋಸಾದ ವರ್ಣತಂತುಗಳು 38, ವರ್ಜಿನಿಕಾದವು 70ರಷ್ಟು, ವರ್ಸಿಕಲರ್‌ನವು 108. ಮೊದಲೆರಡನ್ನು ಕೂಡಿಸಿದರೆ ಮೂರನೆಯದು ಬರುತ್ತದೆ. ಹಿಂದೆಂದೋ ಆ ಎರಡು ಕೂಡಿ, ಇಬ್ಬರ ಆಸ್ತಿಯನ್ನೂ ಇಡಿಯಾಗಿ ಹೊತ್ತು ಹುಟ್ಟಿದ ಪ್ರಭೇದ ವರ್ಸಿಕಲರ್ ಎಂದು ಆಂಡರ್ಸನ್ ವಾದಿಸಿದರು. ಮುಂದಿನ ವಂಶವಾಹಿ ಅಧ್ಯಯನಗಳು ಆ ವಾದಕ್ಕೆ ಬಲ ಕೊಟ್ಟಿವೆ.

ಐರಿಸ್‌ನ ಇನ್ನೊಂದು ಕಥೆ ನಮಗೆ ಎಚ್ಚರಿಕೆ. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಜೌಗು ನೆಲದಲ್ಲಿ ಹತ್ತಾರು ಬಣ್ಣದ, ಹತ್ತಾರು ಆಕಾರದ ಐರಿಸ್‌ಗಳಿದ್ದವು. ಕಳೆದ ಶತಮಾನದ 20 ಮತ್ತು 30ರ ದಶಕಗಳಲ್ಲಿ ಅವುಗಳಲ್ಲಿ ಒಂದೊಂದಕ್ಕೂ ಒಂದೊಂದು ಪ್ರಭೇದದ ಹೆಸರು ಕೊಡಲಾಯಿತು. ಆಮೇಲೆ ನೋಡಿದರೆ ಬಹುಪಾಲು ಹೆಸರುಗಳ ಹಿಂದೆ ಇದ್ದದ್ದು ಕೆಲವೇ ಮೂಲ ಪ್ರಭೇದಗಳ ಸಂಕರ ಸಂತಾನ. ಜನ ಕಾಡು ಕಡಿದು, ಕಾಲುವೆ ತೋಡಿ, ದನ ಮೇಯಿಸಿ ನೆಲದ ಸ್ಥಿತಿಯನ್ನು ಕದಡಿದಲ್ಲಿ ಸಂಕರಗಳು ಹೆಚ್ಚಾಗಿ ನೆಲೆ ಕಂಡಿದ್ದವು. ಒಂದು ಪ್ರಭೇದದ ಜೀನ್‌ಗಳು ಇನ್ನೊಂದರೊಳಗೆ ತಲೆಮಾರುಗಳ ಮೂಲಕ ಸೋರಿಹೋಗುವ ಈ ಕ್ರಿಯೆಯನ್ನು ಆಂಡರ್ಸನ್ 1949ರಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ಕಣ್ಣಿಗೆ ಬಿದ್ದ ಪ್ರತಿ ವ್ಯತ್ಯಾಸವೂ ಪ್ರಭೇದದ ಗಡಿಯಲ್ಲ. ಗಡಿ ಇದ್ದಲ್ಲಿಯೂ ಅದು ಗೋಡೆಯಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟು ನಮ್ಮ ತೊಗರಿಗೆ ಬರೋಣ.

ತೊಗರಿಯ ಕುಲ ಕಜಾನಸ್. ಅದರಲ್ಲಿ ಸುಮಾರು 32 ಪ್ರಭೇದಗಳಿವೆ. ಅವುಗಳಲ್ಲಿ ಮನುಷ್ಯ ಬಿತ್ತಿ ಬೆಳೆಯುವುದು ಕಜಾನಸ್ ಕಜಾನ್ ಒಂದೇ, ಉಳಿದವೆಲ್ಲ ಕಾಡಿನವು. ಅರ್ಧಕ್ಕೂ ಹೆಚ್ಚು ಪ್ರಭೇದಗಳ ನೆಲೆ ಏಷ್ಯಾ, ಅದರಲ್ಲೂ ಭಾರತ ಮತ್ತು ಮ್ಯಾನ್ಮಾರ್. ಇನ್ನೊಂದು ದೊಡ್ಡ ಗುಂಪು ಆಸ್ಟ್ರೇಲಿಯಾದಲ್ಲಿದೆ. ಪಶ್ಚಿಮ ಆಫ್ರಿಕಾದಲ್ಲಿ ಒಂದು ಪ್ರಭೇದ ಉಂಟು. ಐರಿಸ್‌ನಲ್ಲಿ ವರ್ಣತಂತುಗಳ ಎಣಿಕೆಯೇ ಪ್ರಭೇದಗಳನ್ನು ಬೇರ್ಪಡಿಸಿದ್ದನ್ನು ಈಗ ನೋಡಿದೆವು. ತೊಗರಿ ಬಳಗದಲ್ಲಿ ಆ ಅನುಕೂಲ ಇಲ್ಲ. ಹೊಲದ ತೊಗರಿಗೂ 22, ಎಣಿಸಿ ನೋಡಿದ ಅದರ ಕಾಡು ಬಂಧುಗಳಿಗೂ 22. ಎಣಿಕೆ ಒಂದೇ ಇದ್ದೂ ಅವು ಬೇರೆ ಬೇರೆ. ಹಾಗಾದರೆ ಬೇರೆತನ ಎಲ್ಲಿದೆ?

ಒಂದೂವರೆ ಶತಮಾನ ಸಸ್ಯವಿಜ್ಞಾನಿಗಳು ಕೊಟ್ಟ ಉತ್ತರ: ಬೀಜದಲ್ಲಿದೆ. ಕಾಡು ಬಂಧುವಿನ ಕಾಯಿ ಬಿಡಿಸಿ ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ಕಾಳು ಸಣ್ಣದು, ಕಪ್ಪು ಅಥವಾ ಕಂದು, ಮೇಲೆ ಚುಕ್ಕೆಗಳೂ ಇರಬಹುದು. ಅದು ಕಾಯಿಗೆ ಅಂಟಿಕೊಂಡಿದ್ದ ಹೊಕ್ಕುಳಿನ ಜಾಗದಲ್ಲಿ ಬೆಳ್ಳಗಿನ, ಉಬ್ಬಿದ, ಮೇಣದಂಥ ಒಂದು ಅಂಚು ಕೂತಿರುತ್ತದೆ. ಹೊಲದ ತೊಗರಿಯ ಕಾಳಿನಲ್ಲಿ ಸಾಮಾನ್ಯವಾಗಿ ಅದಿಲ್ಲ. ಬರಿಯ ಚಿಕ್ಕ ಬಿಳಿ ಕಣ್ಣು ಮಾತ್ರ. ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಟ್ 1834ರಲ್ಲಿ ಕಾಡಿನವುಗಳನ್ನು ಅಟಿಲೋಸಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಎರಡು ಕುಲಗಳ ನಡುವೆ ಮುಖ್ಯ ಗುರುತಾಗಿ ಉಳಿದದ್ದು ಈ ಬೆಳ್ಳಗಿನ ಅಂಚು. ಅಷ್ಟು ಸಣ್ಣ ಅಂಚಿನ ಮೇಲೆ ಎರಡು ಕುಲಗಳು 150 ವರ್ಷ ನಿಂತಿದ್ದವು.

ಆ ಗಡಿ ಬಿದ್ದದ್ದು ಸಂಕರ ಪ್ರಯೋಗಗಳಿಂದ. ಅಟಿಲೋಸಿಯಾ ಎನ್ನಿಸಿಕೊಂಡ ಹಲವು ಗಿಡಗಳು ತೊಗರಿಯ ಜೊತೆ ಕೂಡಿ, ಮುಂದೆ ಬೀಜ ಕಟ್ಟುವ ಸಂತಾನವನ್ನೇ ಕೊಟ್ಟವು. ಆ ಸಂತಾನದಲ್ಲಿ ಬೆಳ್ಳಗಿನ ಅಂಚು ಕೆಲವೇ ಜೀನ್‌ಗಳ ಲೆಕ್ಕದಂತೆ ಬಂದುಹೋಗುತ್ತಿತ್ತು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಡಚ್ ಸಸ್ಯವಿಜ್ಞಾನಿ ವಾನ್ ಡರ್ ಮೇಸನ್, ಎಲ್ಲ ಪ್ರಭೇದಗಳನ್ನೂ ಪರಿಶೀಲಿಸಿ 1980ರ ದಶಕದ ನಡುವಿನಲ್ಲಿ ಅಟಿಲೋಸಿಯಾವನ್ನು ಕಜಾನಸ್‌ನೊಳಗೆ ವಿಲೀನ ಮಾಡಿದರು. ಅದು ಸರಿಯಾದ ತೀರ್ಮಾನ ಎಂದು ನಾನು ಖಚಿತವಾಗಿ ನಂಬುತ್ತೇನೆ. ಬೇಸಾಯದಲ್ಲಿ ಮನುಷ್ಯ ಆರಿಸುತ್ತ ಬಂದ ಒಂದು ಲಕ್ಷಣವನ್ನು ಹಿಡಿದು ಬೆಳೆಯನ್ನೂ ಅದರ ಹೆತ್ತವರನ್ನೂ ಬೇರೆ ಕುಲವೆನ್ನುವುದು ಪ್ರಕೃತಿಯ ಗಡಿ ಅಲ್ಲ, ನಾವು ಎಳೆದ ಗೆರೆ.

ಈಗ ಈ ಬಳಗದ ಕೆಲವರನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ಕಜಾನಸ್ ಕಜಾನಿಫೋಲಿಯಸ್. ಒಡಿಶಾ, ಬಸ್ತರ್ ಹಾಗೂ ಆಂಧ್ರದ ಪೂರ್ವಘಟ್ಟಗಳ ಕಾಡಿನ ಗಿಡ. ನೆಟ್ಟಗೆ ನಿಲ್ಲುತ್ತದೆ, ಎಲೆ, ಹೂವು, ಕೊಂಬೆ ಎಲ್ಲವೂ ತೊಗರಿಯಂತೆಯೇ. ಒಕ್ಕಲಿಗನೂ ಒಂದು ಗಳಿಗೆ ತೊಗರಿ ಎಂದೇ ತಿಳಿದಾನು. ಕಾಯಿ ಒಣಗಿ ತಾನೇ ಸಿಡಿದಾಗ, ಕಾಳಿನ ಬಿಳಿ ಅಂಚು ಕಂಡಾಗ ಮಾತ್ರ ಕಾಡಿನದು ಎಂದು ಗೊತ್ತಾಗುತ್ತದೆ. ತೊಗರಿಯ ನೇರ ಪೂರ್ವಜ ಇದೇ ಎಂದು 1970ರ ದಶಕದಲ್ಲಿಯೇ ಡಿ.ಎನ್. ಡೇ ಸೂಚಿಸಿದ್ದರು. ಇತ್ತೀಚಿನ ಡಿಎನ್‌ಎ ಅಧ್ಯಯನಗಳೂ ಕಾಡು ಪ್ರಭೇದಗಳಲ್ಲಿ ತೊಗರಿಗೆ ತೀರ ಸಮೀಪ ಇದೇ ಎನ್ನುತ್ತವೆ.

ಎರಡನೆಯದು ಕಜಾನಸ್ ಸ್ಕ್ಯಾರಬಿಯಾಯ್ಡಿಸ್. ಕಾಡು ಪ್ರಭೇದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯಾಪಿಸಿದ್ದು ಇದು. ಭಾರತದ ಬಹುಭಾಗದಲ್ಲಿದೆ, ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾದವರೆಗೂ ಇದೆ. ತೊಗರಿಯಂತೆ ನಿಲ್ಲುವುದಿಲ್ಲ, ಹುಲ್ಲಿನ ನಡುವೆ ಹರಿದು, ಸಿಕ್ಕ ಕಡ್ಡಿಗೆ ಸುತ್ತಿಕೊಳ್ಳುವ ತೆಳ್ಳನೆಯ ಬಳ್ಳಿ. ಹೂವು ಹಳದಿ, ಚಿಕ್ಕದು. ಕಾಯಿ ಒಂದರಿಂದ ಎರಡೂವರೆ ಸೆಂಟಿಮೀಟರ್ ಮಾತ್ರ, ಮೈತುಂಬ ರೋಮ. ಇದನ್ನೂ ತೊಗರಿಯನ್ನೂ ಅಕ್ಕಪಕ್ಕ ಇಟ್ಟರೆ ಬಂಧುಗಳೆಂದು ನಂಬುವವರು ಕಡಿಮೆ. ಆದರೂ ಇದು ತೊಗರಿಯ ಜೊತೆ ಸುಲಭವಾಗಿ ಸಂಕರವಾಗುತ್ತದೆ. ಹುಲ್ಲು ಉಳಿದ ಮಡ್ಡಿಯಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಕಬೇಕಾದದ್ದು ಇದನ್ನೇ.

ಮೂರನೆಯದು ಕಜಾನಸ್ ಪ್ಲಾಟಿಕಾರ್ಪಸ್. ಬಹುವಾರ್ಷಿಕಗಳೇ ತುಂಬಿದ ಈ ಬಳಗದಲ್ಲಿ ಒಂದೇ ವರ್ಷದಲ್ಲಿ ಬದುಕು ಮುಗಿಸುವ ಬಳ್ಳಿ. ಎಲೆ ಅಗಲ, ಕಾಯಿ ಚಪ್ಪಟೆ. ಕಾಂಡ, ಎಲೆಗಳನ್ನು ಬಾಧಿಸುವ ಫೈಟಾಪ್ತರಾ ರೋಗವನ್ನು ತಡೆದುಕೊಳ್ಳುವ ಶಕ್ತಿ ಇದರಲ್ಲಿದೆ, ಉಪ್ಪು ನೆಲವನ್ನು ಸಹಿಸುವ ಗುಣವೂ ವರದಿಯಾಗಿದೆ. ಇಷ್ಟೆಲ್ಲ ಇದ್ದೂ ತೊಗರಿಯೊಂದಿಗೆ ಸಹಜವಾಗಿ ಕೂಡುವುದಿಲ್ಲ. ಪರಾಗ ಹಾಕಿ ಗರ್ಭ ಕಟ್ಟಿದರೂ ಎಳೆಯ ಭ್ರೂಣ ಸಾಯುತ್ತದೆ. ಇಕ್ರಿಸ್ಯಾಟ್‌ನ ವಿಜ್ಞಾನಿ ನಳಿನಿ ಮಲ್ಲಿಕಾರ್ಜುನ ಮತ್ತು ಸಂಗಡಿಗರು ಆ ಭ್ರೂಣವನ್ನು ಕಾಯಿಯಿಂದ ಬಿಡಿಸಿ, ಪ್ರಯೋಗಶಾಲೆಯ ಪೋಷಕ ದ್ರವ್ಯದಲ್ಲಿ ಬೆಳೆಸಿ ಸಂಕರ ಗಿಡಗಳನ್ನು ಪಡೆದರು. ಎಷ್ಟೋ ವರ್ಷಗಳ ತಾಳ್ಮೆಯ ಕೆಲಸ ಅದು.

ಇವಲ್ಲದೆ ಕರ್ನಾಟಕವೂ ಸೇರಿದ ದಕ್ಷಿಣದಲ್ಲಿ ಬೆಳ್ಳಿ ರೋಮದ ಸೆರಿಸಿಯಸ್, ಪಶ್ಚಿಮಘಟ್ಟದ ಲಿನಿಯೇಟಸ್, ಬೂದು ಎಲೆಯ ಆಲ್ಬಿಕನ್ಸ್ ಬಳ್ಳಿ ಇವೆಯೆಂದು ಹೇಳಿ ಮುಂದೆ ಹೋಗುತ್ತೇನೆ.

ಹತ್ತಿರದಿಂದ ನೋಡಿದ ಮೊದಲ ಮೂರನ್ನು ಪಕ್ಕಪಕ್ಕ ಇಟ್ಟಾಗ ನನ್ನ ವಾದದ ತಿರುಳು ಸಿಗುತ್ತದೆ. ರೂಪದಲ್ಲಿ ದೂರವಿರುವ ಸ್ಕ್ಯಾರಬಿಯಾಯ್ಡಿಸ್ ತೊಗರಿಯ ಜೊತೆ ಕೂಡುತ್ತದೆ. ಅದೂ ಬಳ್ಳಿ, ಪ್ಲಾಟಿಕಾರ್ಪಸ್ಸೂ ಬಳ್ಳಿ. ಆದರೆ ಎರಡನೆಯದು ಕೂಡುವುದಿಲ್ಲ. ಇನ್ನು ರೂಪದಲ್ಲಿ ತೀರ ಹತ್ತಿರವಿರುವ ಕಜಾನಿಫೋಲಿಯಸ್ಸೇ ಎಲ್ಲಕ್ಕಿಂತ ಆಶ್ಚರ್ಯದ್ದು. ಅದನ್ನು ಹೆಣ್ಣಾಗಿಟ್ಟುಕೊಂಡು ತೊಗರಿಯ ಪರಾಗವನ್ನು ತಲೆಮಾರಿನಿಂದ ತಲೆಮಾರಿಗೆ ಹಾಕುತ್ತ ಹೋದರೆ, ಜೀವಕೋಶದ ಹೊರಭಾಗವಾದ ಕೋಶದ್ರವ್ಯ ಕಾಡಿನದಾಗಿಯೂ ಒಳಗಿನ ಕೇಂದ್ರ ತೊಗರಿಯದಾಗಿಯೂ ಇರುವ ಗಿಡ ಹುಟ್ಟುತ್ತದೆ. ನೋಡಲು ಅಪ್ಪಟ ತೊಗರಿ. ಆದರೆ ಅದರ ಕೇಸರದಲ್ಲಿ ಫಲವತ್ತಾದ ಪರಾಗ ಇರುವುದಿಲ್ಲ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ತಾಯಿಯಿಂದ ಬರುತ್ತದೆ. ಕಾಡಿನ ಮೈಟೊಕಾಂಡ್ರಿಯಾಕ್ಕೂ ಹೊಲದ ಕೇಂದ್ರದ ಜೀನ್‌ಗಳಿಗೂ ಪರಾಗದ ಹಂತದಲ್ಲಿ ಹೊಂದಾಣಿಕೆ ತಪ್ಪುತ್ತದೆ. ಮೈಯಲ್ಲಿ ಯಾವ ಕುರುಹೂ ಇಲ್ಲದ ಅಂತರ ಇದು.

ಈ ಅಂತರವೇ ರೈತನಿಗೆ ವರವಾಯಿತು. ತಾನೇ ಪರಾಗ ಕೊಡದ ಗಿಡ ಸಿಕ್ಕರೆ ಸಂಕರ ಬೀಜ ತಯಾರಿಸುವುದು ಸಾಧ್ಯ. ಸ್ಕ್ಯಾರಬಿಯಾಯ್ಡಿಸ್‌ನ ಕೋಶದ್ರವ್ಯದಿಂದ ಬಂದ ಸಂಕರ ತೊಗರಿ ಗುಜರಾತಿನಲ್ಲಿ 2004ರಲ್ಲಿ ಬಂತು. ಕಜಾನಿಫೋಲಿಯಸ್‌ನ ಕೋಶದ್ರವ್ಯದ ಮೇಲೆ ಕೆ.ಬಿ. ಸಕ್ಸೇನಾ ಮತ್ತು ಸಂಗಡಿಗರು ಕಟ್ಟಿದ ಪದ್ಧತಿಯಿಂದ ಐಸಿಪಿಎಚ್ 2671 ಎಂಬ ಸಂಕರ ತಳಿ 2010ರ ಸುಮಾರಿಗೆ ಬಿಡುಗಡೆಯಾಯಿತು. ಬೇಳೆಕಾಳುಗಳಲ್ಲಿ ಇಂಥ ಪದ್ಧತಿಯನ್ನು ಹೊಲಕ್ಕೆ ತಂದದ್ದರಲ್ಲಿ ತೊಗರಿಯೇ ಮೊದಲು. ಸಾಮಾನ್ಯ ತೊಗರಿಯಲ್ಲಿ ಪ್ರೋಟೀನು ಶೇ. 20–22ರಷ್ಟು, ಸ್ಕ್ಯಾರಬಿಯಾಯ್ಡಿಸ್, ಸೆರಿಸಿಯಸ್, ಆಲ್ಬಿಕನ್ಸ್‌ಗಳ ಸಂಕರದಿಂದ ಅದಕ್ಕಿಂತ ಸಾಕಷ್ಟು ಹೆಚ್ಚು ಪ್ರೋಟೀನಿನ ಸಾಲುಗಳೂ ಬಂದಿವೆ.

ಕಾಯಿಕೊರಕದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಭಾಗದ ರೈತರು ಪ್ರತಿ ವರ್ಷ ಔಷಧಿ ಸಿಂಪಡಣೆಗೆ ಹಣ ಸುರಿಯುವುದು ಆ ಹುಳಕ್ಕಾಗಿ. ನೆಟೆ ರೋಗಕ್ಕೆ ಹೊಲದ ತೊಗರಿಯೊಳಗೇ ಉತ್ತರ ಸಿಕ್ಕಿತು. 1980ರ ದಶಕದಲ್ಲಿ ಬಂದ ಮಾರುತಿ ತಳಿ ಅದಕ್ಕೆ ಸಾಕ್ಷಿ. ಗೊಡ್ಡು ರೋಗಕ್ಕೂ ಸಹನೆಯುಳ್ಳ ಆಶಾದಂಥ ತಳಿಗಳು ಬಂದವು. ಕಾಯಿಕೊರಕಕ್ಕೆ ಮಾತ್ರ ಸಾವಿರಾರು ಹೊಲದ ತಳಿಗಳನ್ನು ಜಾಲಾಡಿದರೂ ಗಟ್ಟಿಯಾದ ನಿರೋಧ ಸಿಗಲಿಲ್ಲ. ಸಿಕ್ಕದ್ದು ಸ್ಕ್ಯಾರಬಿಯಾಯ್ಡಿಸ್‌ನಲ್ಲಿ. ತೊಗರಿಯ ಎಳೆ ಕಾಯಿಯ ಮೇಲೂ ರೋಮಗಳಿವೆ, ಆದರೆ ಅವುಗಳಲ್ಲಿ ಅಂಟುರಸ ಒಸರುವ ಬಗೆಯೂ ಇದೆ. ಆ ರಸದ ಕೆಲವು ಅಂಶಗಳು ಹುಳುವಿಗೆ ತಿನ್ನಲು ಪ್ರಚೋದನೆಯನ್ನೇ ಕೊಡುತ್ತವೆ. ಕಾಡು ಬಳ್ಳಿಯ ಕಾಯಿಯ ಮೇಲೆ ಒಣ ರೋಮಗಳು ಒತ್ತೊತ್ತಾಗಿ ನಿಂತಿವೆ. ಆಗಷ್ಟೇ ಮೊಟ್ಟೆಯೊಡೆದ ಎಳೆ ಹುಳು ಆ ರೋಮಗಳ ದಟ್ಟಣೆಯನ್ನು ದಾಟಿ ಕಾಯಿಯ ಸಿಪ್ಪೆಗೆ ಬಾಯಿ ಹಾಕಲು ಒದ್ದಾಡುತ್ತದೆ. ಬಹಳಷ್ಟು ಹುಳುಗಳು ಆ ವಯಸ್ಸಿನಲ್ಲೇ ಸಾಯುತ್ತವೆ. ಪ್ರಭೇದ ವರ್ಣನೆಯಲ್ಲಿ ಅರ್ಧ ಸಾಲಿನಷ್ಟು ಜಾಗ ಪಡೆಯುವ ಈ ರೋಮ ಹೊಲದಲ್ಲಿ ಬೆಳೆ ಉಳಿಯುವ ಉಳಿಯದಿರುವ ವಿಷಯ.

ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ಸ್ಕ್ಯಾರಬಿಯಾಯ್ಡಿಸ್ ಎಂಬ ಹೆಸರು ಹೊತ್ತ ಪ್ರತಿ ಬಳ್ಳಿಯೂ ಸಮಾನ ನಿರೋಧ ತೋರುವುದಿಲ್ಲ. ಒಂದೂರಿನ ಮಾದರಿ ಹುಳುವನ್ನು ತಡೆದರೆ ಇನ್ನೊಂದೂರಿನದು ತಡೆಯದೆ ಇರಬಹುದು. ಗುಣ ಇರುವುದು ಪ್ರಭೇದದ ಹೆಸರಿನಲ್ಲಿ ಅಲ್ಲ, ಒಂದೊಂದು ಜಾಗದ ಒಂದೊಂದು ಸಮುದಾಯದಲ್ಲಿ. ಆಂಡರ್ಸನ್ ಒಂದೇ ಹುಲ್ಲುಗಾವಲಿನ ಹತ್ತಾರು ಹೂವುಗಳನ್ನು ಅಳೆದದ್ದು ಇದಕ್ಕಾಗಿಯೇ. ಒಂದು ಬಳ್ಳಿಯ ಬೀಜ ತಂದಿಟ್ಟು ಇಡೀ ಪ್ರಭೇದವನ್ನು ಉಳಿಸಿದೆವು ಎಂದುಕೊಳ್ಳುವುದು ಸರಿಯಲ್ಲ.

ಒಳಗಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಆಶಾ ತಳಿಯ ಜೀನೋಮ್ ಕರಡನ್ನು ಇಕ್ರಿಸ್ಯಾಟ್‌ನ ರಾಜೀವ್ ವಾರ್ಷ್ಣೇಯ ನೇತೃತ್ವದ ತಂಡ 2011ರ ಕೊನೆಯಲ್ಲಿ ಪ್ರಕಟಿಸಿತು. ಅದೇ ವರ್ಷ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿಗಳೂ ಒಂದು ಕರಡನ್ನು ಹೊರತಂದಿದ್ದರು. ಸುಮಾರು 83 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಇಕ್ರಿಸ್ಯಾಟ್ ತಂಡದ ಕರಡಿನಂತೆ 48,680 ಜೀನ್‌ಗಳನ್ನು ಗುರುತಿಸಲಾಯಿತು. 2017ರಲ್ಲಿ ಬೇರೆ ಬೇರೆ ದೇಶಗಳ 292 ಮಾದರಿಗಳನ್ನು ಹೋಲಿಸಿದ ಅಧ್ಯಯನ, ತೊಗರಿ ಬೆಳೆಯಾಗಿ ಹುಟ್ಟಿದ ಜಾಗವನ್ನು ಮಧ್ಯಪ್ರದೇಶದ ಕಡೆಗೆ ತೋರಿಸಿತು. ಕಾಡಿನಿಂದ ನಾಟಿ ತಳಿಗೆ, ನಾಟಿಯಿಂದ ಸುಧಾರಿತ ತಳಿಗೆ ಬರುತ್ತ ವೈವಿಧ್ಯ ಕರಗುತ್ತ ಬಂದಿದೆ ಎಂಬುದು ಇಂಥ ಅಧ್ಯಯನಗಳ ಒಟ್ಟು ಮಾತು. ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ತೊಗರಿ ಕಾಳು ಸಿಕ್ಕಿದೆ. ಅಂದಿನಿಂದ ನಮ್ಮ ಹಿರಿಯರು ಸಿಡಿಯದ ಕಾಯಿ, ದಪ್ಪ ಕಾಳು, ಬಿತ್ತಿದ ಕೂಡಲೇ ಮೊಳೆಯುವ ಗುಣಗಳನ್ನು ಆರಿಸುತ್ತ ಬಂದರು. ಆರಿಸಿದ್ದು ಅವರ ಜಾಣತನ. ಆರಿಸದೆ ಬಿಟ್ಟದ್ದು ಕಾಡಿನಲ್ಲಿ ಉಳಿಯಿತು. ರೋಗ ತಡೆಯುವ, ಹುಳ ತಡೆಯುವ, ಉಪ್ಪು ತಾಳುವ ಗುಣಗಳೂ ಅದರ ಜೊತೆಯಲ್ಲೇ ಉಳಿದವು.

ತೊಗರಿಯ ಹೂವಿಗೆ ಜೇನು, ದುಂಬಿ ಬರುತ್ತವೆ. ಅನ್ಯಪರಾಗದಿಂದ ಕಟ್ಟುವ ಬೀಜ ಎಷ್ಟೋ ಕಡೆ ಶೇ. 20ರ ಆಸುಪಾಸಿನಲ್ಲಿದೆ, ಕೆಲವೆಡೆ ಇನ್ನೂ ಹೆಚ್ಚು. ಆದ್ದರಿಂದ ಬದುವಿನ ಬಳ್ಳಿಗೂ ಹೊಲದ ಗಿಡಕ್ಕೂ ನಡುವೆ ಜೀನ್ ಸಾಗುವ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಿಸಿಸಿಪ್ಪಿಯ ಐರಿಸ್‌ನಲ್ಲಿ ಕಂಡ ಸೋರಿಕೆ ಇಲ್ಲಿಯೂ ಅಸಾಧ್ಯವಲ್ಲ. ಬೀಜೋತ್ಪಾದನೆ ಮಾಡುವವರು ಅಂತರ ಕಾಯ್ದುಕೊಳ್ಳಬೇಕಾದದ್ದು ಇದಕ್ಕೆ.

ಪಟಾನ್‌ಚೆರುವಿನ ಬೀಜಭಂಡಾರದಲ್ಲಿ ತೊಗರಿಯ 13 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಅವುಗಳಲ್ಲಿ ಕಾಡು ಪ್ರಭೇದಗಳ ಪಾಲು ಕೆಲವು ನೂರು ಮಾತ್ರ. ಆ ಭಂಡಾರದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಶೀತಲ ಕೋಣೆಯಲ್ಲಿಟ್ಟ ಬೀಜ ಇಟ್ಟ ದಿನದ ಸ್ಥಿತಿಯಲ್ಲೇ ಇರುತ್ತದೆ. ಮಡ್ಡಿಯ ಮೇಲಿನ ಬಳ್ಳಿ ಈ ವರ್ಷದ ಬರವನ್ನು, ಈ ವರ್ಷದ ಹುಳುವನ್ನು ಎದುರಿಸಿ ಬೀಜ ಕಟ್ಟುತ್ತದೆ. ಎರಡೂ ಬೇಕು. ಭಂಡಾರ ಇದೆ ಎಂದು ಬಯಲನ್ನು ಕೈಬಿಡುವುದು ತಪ್ಪು ಲೆಕ್ಕ.

ಬಯಲಿನಲ್ಲಿ ಏನಾಗುತ್ತಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರು ಬಂದಲ್ಲಿ ಕಬ್ಬು ಬಂತು. ಅಗಲವಾಗಿದ್ದ ಬದು ಟ್ರ್ಯಾಕ್ಟರಿನ ಕುಂಟೆಗೆ ಸವೆದು ಗೇಣಗಲವಾಯಿತು. ಕಳೆನಾಶಕ ಬಂದ ಮೇಲೆ ಬದುವಿನ ಹುಲ್ಲೂ ಬೇಡವಾಯಿತು. ಮಡ್ಡಿಯನ್ನು ಜೆಸಿಬಿ ಹಚ್ಚಿ ಸಮ ಮಾಡುತ್ತಿದ್ದೇವೆ. ಇವುಗಳಲ್ಲಿ ಯಾವುದನ್ನೂ ರೈತನ ದುರಾಸೆ ಎಂದು ನಾನು ಕರೆಯುವುದಿಲ್ಲ. 600 ಮಿಲಿಮೀಟರ್ ಮಳೆಯನ್ನೂ ಸರಿಯಾಗಿ ಕಾಣದ ಸೀಮೆಯಲ್ಲಿ ಒಂದು ಗುಂಟೆ ನೆಲದ ಬೆಲೆ ಏನೆಂದು ಬಲ್ಲೆ. ಹಾಗಿದ್ದೂ ಉಳುಮೆಗೆ ಬಾರದ ಕಲ್ಲುಮಡ್ಡಿ, ಹಳ್ಳದ ಕೊರಕಲು, ಗೋಮಾಳದ ಅಂಚು ಪ್ರತಿ ಊರಿನಲ್ಲಿಯೂ ಒಂದಿಷ್ಟು ಇದ್ದೇ ಇದೆ.

ನನ್ನ ಬೇಡಿಕೆ ಅಷ್ಟಕ್ಕೆ ಸಂಬಂಧಿಸಿದ್ದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಕಾಲೇಜುಗಳ ಸಸ್ಯವಿಜ್ಞಾನ ವಿಭಾಗಗಳು ತಮ್ಮ ವಿದ್ಯಾರ್ಥಿಗಳನ್ನು ಮಳೆಗಾಲದ ಕೊನೆಯಲ್ಲಿ ಈ ಜಾಗಗಳಿಗೆ ಕಳಿಸಲಿ. ತೊಗರಿಯನ್ನು ಹೋಲುವ ಮೂರೆಲೆಯ ಬಳ್ಳಿ ಕಂಡಲ್ಲಿ ಊರು, ದಿನ, ನೆಲದ ಬಗೆ ಬರೆದುಕೊಳ್ಳಲಿ; ಒಂದು ಗಿಡ ನೋಡಿ ತೃಪ್ತರಾಗದೆ ಇಪ್ಪತ್ತು ಗಿಡಗಳ ಕಾಯಿ, ಎಲೆ, ಕಾಳು ಅಳೆಯಲಿ; ಬೀಜದ ಬಿಳಿ ಅಂಚನ್ನು ನೋಡಿ ಗುರುತು ಖಚಿತಪಡಿಸಿಕೊಳ್ಳಲಿ. ಬೀಜದಲ್ಲಿ ಒಂದು ಪಾಲನ್ನು ವಿಜಯಪುರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಮುಟ್ಟಿಸಲಿ, ಉಳಿದದ್ದನ್ನು ಗಿಡದ ಮೇಲೆಯೇ ಬಿಡಲಿ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಜನತಾ ಜೀವವೈವಿಧ್ಯ ದಾಖಲೆ ಇಡುವ ಹೊಣೆ ಇದೆ. ಆ ಪುಸ್ತಕದಲ್ಲಿ ತೊಗರಿಯ ಕಾಡು ಬಂಧುಗಳಿಗೂ ಒಂದು ಪುಟ ಇರಲಿ. ರೈತ ಬಂಧುಗಳಲ್ಲಿ ಕೇಳುವುದು ಇನ್ನೂ ಚಿಕ್ಕದು: ಕಳೆನಾಶಕದ ಪಂಪು ಹೊತ್ತು ಬದುವಿಗೆ ಹೋದಾಗ, ರೋಮದ ಪುಟ್ಟ ಕಾಯಿ ಹೊತ್ತ ಬಳ್ಳಿ ಕಂಡರೆ ಆ ಒಂದು ಮಾರು ಜಾಗವನ್ನು ಬಿಟ್ಟು ಮುಂದೆ ಹೋಗಿ.